ಲೆಕ್ಕಕ್ಕೆ ಬಾರದ ಉಡಿ

ಜಾಣರಾದವರಿಗೆ ಹೆಂಡತಿಯ ತವರಿನವರ ಮುಂದೆ ಜಾಣತನ ತೋರಿಸುವ ಚಪಲ ಇರಬಾರದು. ನನಗಿತ್ತು. ವಿಮಾನ ನೆಲಕ್ಕಿಳಿಯುವಾಗ ಗಾಲಿಗೆ ಬೀಳುವ ಪೆಟ್ಟನ್ನು ನುಂಗುವ ಶಾಕ್ ಅಬ್ಸಾರ್ಬರ್ ರೂಪಿಸಿ ಪರೀಕ್ಷಿಸುವುದು ಹೈದರಾಬಾದಿನಲ್ಲಿ ನನ್ನ ಕೆಲಸ. ಒಳಗೆ ಎಣ್ಣೆ, ಒತ್ತಿ ತುಂಬಿದ ಸಾರಜನಕ. ಭಾರ ಕಟ್ಟಿ, ಮೇಲೆತ್ತಿ, ದೊಪ್ಪನೆ ಬಿಡುತ್ತೇವೆ; ಎಷ್ಟು ಕುಸಿಯಿತು, ಎಷ್ಟು ಪುಟಿಯಿತು ಎಂದು ಬರೆದುಕೊಳ್ಳುತ್ತೇವೆ. ಇದನ್ನೆಲ್ಲ ವಿವರಿಸಿದಾಗ ಗದ್ವಾಲದ ನಮ್ಮ ಅತ್ತೆ, "ಬೀಳಸಾಕ ಪಗಾರ ಕೊಡ್ತಾರೇನ್ರಿ, ಅಳಿಯಂದ್ರ?" ಎಂದು ಮರುಗಿದ್ದರು.

ಹೆಂಡತಿ ಶಾಂತಾಳಿಗೆ ಏಳು ತಿಂಗಳಾಗಿ, ಮಕ್ತಲ್‌ನ ನಮ್ಮ ಮನೆಯಲ್ಲಿ ಕುಬಸದ, ಅಂದರೆ ಸೀಮಂತದ, ಶಾಸ್ತ್ರ ಮುಗಿದ ಮೇಲೆ, ಅವಳನ್ನು ಹೆರಿಗೆಗೆ ಕರೆದೊಯ್ಯಲು ಅತ್ತೆ ಬಂದರು. ತೆಲಂಗಾಣ ರಾಜ್ಯ ಬಂದಿತ್ತು. ರಸ್ತೆ ಇನ್ನೂ ಬರುತ್ತಿತ್ತು. ಸೊಂಟನೋವಿನ ಹೆಂಡತಿಯನ್ನು ಆ ತಗ್ಗುಗಳಲ್ಲಿ ಹೇಗೆ ಕಳಿಸಲಿ ಎಂದು ನಿಜಕ್ಕೂ ಹೆದರಿದೆ. ಹೆದರಿದ ಇಂಜಿನಿಯರ್ ಸುಮ್ಮನಿರುವುದಿಲ್ಲ. ಹಳೆಯ ಬೈಕಿನ ಎರಡು ಶಾಕ್ ಅಬ್ಸಾರ್ಬರ್‌ಗಳನ್ನು ಹಲಗೆಗೆ ಜೋಡಿಸಿ, ಗೊತ್ತು ಮಾಡಿದ್ದ ಬಾಡಿಗೆ ಜೀಪಿಗೊಂದು ಪೀಠ ಮಾಡಿದೆ. ಶಾಂತಾಳಷ್ಟೇ ತೂಕದ ಶೇಂಗಾ ಚೀಲವನ್ನು ಅದರ ಮೇಲೆ ಎಂಟು ಸಲ ಕೆಡವಿದೆ. ಚೀಲ ಹರಿದು ಶೇಂಗಾ ಅಂಗಳವೆಲ್ಲ ಚೆಲ್ಲಿತು. ಪೀಠ ಮಾತ್ರ ಪಾಸಾಯಿತು.

ಹೊರಡುವ ಹೊತ್ತಿಗೆ ಓಣಿಯ ಹೆಂಗಸರು ಅವಳ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ಉತ್ತತ್ತಿ. ಒಬ್ಬರಿಗಿಂತ ಒಬ್ಬರದು ದೊಡ್ಡ ಕೈ. ತವರಿನ ದೇವರ ಮುಂದೆ ಇಳಿಸುವ ತನಕ ಉಡಿ ಬಿಚ್ಚುವಂತಿಲ್ಲ. ನನ್ನ ಲೆಕ್ಕದಲ್ಲಿ ಹೆಂಡತಿ ಇದ್ದಳು, ಕೂಸಿತ್ತು, ಈ ಉಡಿ ಇರಲಿಲ್ಲ. ಗದ್ವಾಲದ ತನಕ ಬಿಟ್ಟು ಬರಲು ನಾನೂ ಜೀಪು ಹತ್ತಿದೆ. ಊರಾಚೆಯ ಮೊದಲ ತಗ್ಗಿಗೇ ಪೀಠ ತಳ ಮುಟ್ಟಿ ಠಣ್ಣೆಂದಿತು. ಶಾಂತಾ "ಯವ್ವಾ!" ಎಂದಳು.

ಅತ್ತೆ ಡ್ರೈವರನಿಗೆ ಹೇಳಿ ಜೀಪು ನಿಲ್ಲಿಸಿ, "ಏನಾತವ್ವಾ?" ಎಂದರು.

"ಏನೂ ಆಗಿಲ್ಲವ್ವಾ, ಹೆದರಿಕಿ ಬಂತು ಅಷ್ಟ" ಎಂದವಳು ನನ್ನ ಕಡೆ ತಿರುಗಿ, "ಈ ಪೀಠ ಮೊದಲ ತಗೀರಿ" ಎಂದಳು.

ಅತ್ತೆ ಎರಡು ಕೌದಿ ಮಡಚಿ ಹಾಸಿ, ಪಕ್ಕಕ್ಕೆ ನನ್ನನ್ನು ಕೂಡಿಸಿದರು. ಶಾಂತಾ ನನ್ನ ಹೆಗಲಿಗೆ ತಲೆಯಿಟ್ಟು, ತಗ್ಗು ಬಂದಾಗಲೆಲ್ಲ ತೋಳು ಹಿಡಿದು, ಜುರಾಲ ಅಣೆಕಟ್ಟು ದಾಟುವಷ್ಟರಲ್ಲಿ ನಿದ್ದೆ ಹೋದಳು. ತೋಳು ಜೋಮು ಹಿಡಿದಿದ್ದರೂ ನನಗೆ ಸುಖವೇ ಆಗಿತ್ತು. ಇನ್ನು ನಾಲ್ಕಾರು ತಿಂಗಳು ಇವಳಿಲ್ಲದ ಮನೆ ಎಂಬುದು ಆಗ ಹೊಳೆಯಿತು.

"ಇನ್ನೂ ಮೆಲ್ಲಕ ಹೋಗಪ್ಪಾ, ಆಕಿ ಸೊಂಟ ನೋಯ್ತೈತಿ" ಎಂದೆ ಡ್ರೈವರನಿಗೆ.

"ಇಲ್ಲಿಂದ ಗದ್ವಾಲ ತನಕ ಹೊಸ ರಸ್ತಾ ಐತ್ರೀ ಸಾರ್, ತಗ್ಗ ಎಲ್ಲ್ಯದಾವ?"

ಮುಂದಿನ ಸೀಟಿನಲ್ಲಿದ್ದ ಅತ್ತೆಯೇ, ಹಿಂದಿರುಗಿ ನೋಡದೆ, "ಮೆಲ್ಲಕ ನಡಿಯಪ್ಪಾ. ನೋವು ಸೊಂಟದ್ದಲ್ಲ, ಅಳಿಯಂದ್ರದು" ಎಂದರು.