ಪ್ರೊಜೆಕ್ಟರಿಗೆ ಶಾಲು ಹೊದಿಸಿದ ಸಂಜೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮೊನ್ನೆ ತೊಟ್ಟಿಲಿಗೆ ಹಾಕಿ ಹೆಸರಿಟ್ಟರು. ಆವತ್ತಿಗೆ ಹದಿಮೂರು ದಿನದ ಕೂಸು. ನಾನು ಮೊದಲ ಸಲ ನೋಡಿದಾಗ ನೆತ್ತಿಯಿಂದ ಅಂಗಾಲಿನವರೆಗೆ ಏಳು ಅಡಿ ಇತ್ತು! ನಗುವವರು ನಗಲಿ. ನನ್ನ ಕಣ್ಣು ಮಂಜು, ಕಲಿತದ್ದು ಮೂರನೇ ಇಯತ್ತೆ, ಅದೆಲ್ಲ ಖರೆ. ಆದರೆ ಈ ಅಳತೆ ನನ್ನದಲ್ಲ, ನನ್ನ ಮೈದುನನದು. ಅವನು ಟೇಪು ಹಿಡಿದು ಗೋಡೆ ಅಳೆದು ಹೇಳಿದ್ದು.

ಈ ಮೈದುನ ಎಂಥವನೆಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಹೊಸ ಯಂತ್ರದ ಡಬ್ಬಿಯ ತಳದಲ್ಲಿ ಒಂದು ಸಣ್ಣ ಪುಸ್ತಕ ಇರುತ್ತದಲ್ಲ, ನಾವೆಲ್ಲ ಒಲೆ ಹೊತ್ತಿಸಲು ಬಳಸುತ್ತೇವಲ್ಲ, ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಮನುಷ್ಯ ಈ ಭೂಮಿಯ ಮೇಲೆ ಅವನೊಬ್ಬನೇ. ಅದನ್ನು ಬರೆದವರೂ ಅಷ್ಟು ಓದಿರಲಿಕ್ಕಿಲ್ಲ.

ಕರಜಗಿಯ ನಮ್ಮ ಮನೆಯಲ್ಲಿ ನಾವು ನಾಲ್ವರು: ನಾನು, ನಮ್ಮ ಮನೆಯವರು, ಈ ಮೈದುನ, ಅವನ ಹೆಂಡತಿ ಅಂದರೆ ನನ್ನ ವಾರಗಿತ್ತಿ. ಮಗ ಸೊಸೆ ಇದ್ದರೆ ಆರು. ಅಣ್ಣ ಕಬ್ಬು ನೋಡುತ್ತಾರೆ, ತಮ್ಮ ಕಬ್ಬಿಗೆ ನೀರೆತ್ತುವ ಮೋಟಾರು ನೋಡುತ್ತಾನೆ. ಮೋಟಾರು ನೋಡುತ್ತಾನೆ ಅಂದರೆ ಸುಮ್ಮನೆ ನೋಡುತ್ತಾನೆ. ಶುರು ಮಾಡುವ ಮೊದಲು ಒಂದು ಸಲ, ಮಾಡಿದ ಮೇಲೆ ಒಂದು ಸಲ ಅದರ ಪುಸ್ತಕ ತೆಗೆದು ತಾಳೆ ಹಾಕುತ್ತಾನೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಪ್ರಾಯದಲ್ಲಿ ಕೆಲವು ವರ್ಷ ಸೊಲ್ಲಾಪುರದ ಗಿರಣಿಯಲ್ಲಿದ್ದು ಬಂದವನು. ಹಿಂದಿ ಕಲಿತದ್ದು ಅಲ್ಲಿಯೇ, ಈ ಚಟ ಹಿಡಿದದ್ದೂ ಅಲ್ಲಿಯೇ.

ಜೇವರ್ಗಿಯಲ್ಲಿರುವ ನಮ್ಮ ಮಗಳ ಮನೆಗೆ ಫ್ರಿಜ್ಜು ಬಂದಾಗ ಇವನೂ ಹೋಗಿದ್ದ. ಬೇಸಿಗೆ ಅಂದರೆ ಬೇಸಿಗೆ, ಕಾಗೆ ಕೂಡ ಬಾಯಿ ತೆರೆದು ಕೂತಿತ್ತು. ನೆಂಟರೆಲ್ಲ ತಣ್ಣಗಿನ ಶರಬತ್ತಿನ ಆಸೆಯಲ್ಲಿ ಅಂಗಿಯ ಗುಂಡಿ ಬಿಚ್ಚಿ ಕೂತಿದ್ದರು. ಇವನು ಪುಸ್ತಕ ಓದಿ, ದಾರಿಯಲ್ಲಿ ಅಲುಗಾಡಿ ಬಂದ ಫ್ರಿಜ್ಜನ್ನು ಕೆಲವು ತಾಸು ಸುಮ್ಮನೆ ನಿಲ್ಲಿಸಬೇಕು, ಆಮೇಲೆ ಹಚ್ಚಬೇಕು ಅಂತ ಪ್ಲಗ್ಗಿನ ಮುಂದೆ ಕುರ್ಚಿ ಹಾಕಿ ಕೂತ. ಸಂಜೆಯ ತನಕ ಏಳಲಿಲ್ಲ. ಎಲ್ಲರೂ ಚಹಾದಷ್ಟು ಬೆಚ್ಚಗಿನ ಶರಬತ್ತು ಕುಡಿದು ಊರಿಗೆ ಹೋದರು. ಬೀಗರು ಈಗಲೂ ಫ್ರಿಜ್ಜಿನ ಆರೋಗ್ಯ ಕೇಳಿದ ಮೇಲೆಯೇ ನಮ್ಮದು ಕೇಳುತ್ತಾರೆ.

ಇದರಲ್ಲಿ ಹೆಚ್ಚು ನೊಂದವಳು ವಾರಗಿತ್ತಿ. ಅವಳನ್ನು ಯಾರಾದರೂ, ಏನಬೇ, ನಿನ್ನ ಗಂಡ ಯಂತ್ರ ಇಷ್ಟು ಜತನ ಮಾಡ್ತಾನ, ನಿನ್ನ ಯಾಕ ಮಾಡೂದಿಲ್ಲ ಅಂತ ಕೇಳಿದರೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳುತ್ತಾಳೆ.

“ನಮ್ಮಪ್ಪ ನನ್ನ ಜೋಡಿ ಪುಸ್ತಕ ಕೊಟ್ಟು ಕಳಿಸಿಲ್ಲರಿ. ಹ್ಯಾಂಗ ನಡಸಬೇಕು ಅಂತ ಇವರಿಗಿ ಇನ್ನಾ ತಿಳಿದಿಲ್ಲ.”

ಇರಲಿ, ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಕುಬುಸದ ಕಾರ್ಯ ಮುಗಿಸಿ ಸೊಸೆ ಹೆರಿಗೆಗೆ ತವರಿಗೆ ಹೋದಳು. ಅವಳ ತವರು ಆಳಂದ ಕಡೆಯ ಕಿಣ್ಣಿ ಸುಲ್ತಾನ. ಹೆಣ್ಣು ಕೂಸು, ತಾಯಿ ಮಗು ಚೆಂದ ಇದ್ದಾರೆ ಅಂತ ಫೋನು ಬಂತು. ಅದಕ್ಕೂ ಎಂಟು ದಿನ ಮೊದಲು ನಾನು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದೆ. ತೊಡೆಯ ತನಕ ಪ್ಲಾಸ್ಟರು. ಡಾಕ್ಟರು ಒಂದೂವರೆ ತಿಂಗಳು ಹಾಸಿಗೆ ಬಿಡಬೇಡ ಅಂದಿದ್ದರು. ಹದಿಮೂರನೇ ದಿನ ತೊಟ್ಟಿಲು. ಮೊಮ್ಮಗಳ ಹೆಸರಿಡುವ ದಿನ ಅಜ್ಜಿಯೇ ಇಲ್ಲ ಅಂದರೆ ಹೇಗೆ? ಕೂಸನ್ನು ನೋಡಲು ಹೋದ ಮಗ ಅಲ್ಲಿಂದ ಮೊಬೈಲಿನಲ್ಲಿ ತೋರಿಸಿದ. ನನ್ನ ಕಣ್ಣಿಗೆ ಒಂದು ಬಿಳಿ ಬಟ್ಟೆ ಕಂಡಿತು, ಅದರ ನಡುವೆ ಜೋಳದ ಕಾಳಿನಷ್ಟು ಏನೋ ಅಲುಗಿತು. ಮೂಗೋ ಮೊಣಕಾಲೋ ತಿಳಿಯಲಿಲ್ಲ. ಎಲ್ಲರೆದುರು ಬಹಳ ಚೆಂದ ಅದ ಅಂದೆ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿ ಅತ್ತೆ.

ಅತ್ತದ್ದು ಮೈದುನನಿಗೆ ಕೇಳಿಸಿರಬೇಕು. ಮರುದಿನ ಮೊದಲ ಬಸ್ಸಿಗೆ ಸೊಲ್ಲಾಪುರಕ್ಕೆ ಹೋದವನು ಸಂಜೆ ತೊಡೆಯ ಮೇಲೆ ಒಂದು ಡಬ್ಬಿ ಇಟ್ಟುಕೊಂಡು ಬಂದ. ಪ್ರೊಜೆಕ್ಟರಂತೆ. ಮೊಬೈಲಿನ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡುತ್ತದಂತೆ. ನನಗೆ ಹೋದ ಜೀವ ಬಂದಂತಾಯಿತು. ಹಚ್ಚಪ್ಪ ಬೇಗ ಅಂದೆ.

ಹಚ್ಚುವುದುಂಟೇ? ಪುಸ್ತಕ ಇದೆಯಲ್ಲ!

ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರಲ್ಲ, ದಿನಕ್ಕೊಂದು ಅಧ್ಯಾಯ ಓದಿ ಅರ್ಥ ಹೇಳಿ ತಿಂಗಳಿಗೆ ಮಂಗಲ ಮಾಡುತ್ತಾರಲ್ಲ, ಹಾಗೆ ಇವನು ನಮ್ಮ ಪಡಸಾಲೆಯಲ್ಲಿ ಪ್ರೊಜೆಕ್ಟರಿನ ಪುರಾಣ ಹಚ್ಚಿದ. ದಿನಾ ದೀಪ ಹಚ್ಚುವ ಹೊತ್ತಿಗೆ ಕೈಕಾಲು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಚಾಪೆಯ ಮೇಲೆ ಕೂತು ಹಿಂದಿಯಲ್ಲಿ ಒಂದು ಸಾಲು ಓದುವುದು, ಕನ್ನಡದಲ್ಲಿ ನಾಲ್ಕು ಸಾಲು ಅರ್ಥ ಹೇಳುವುದು. ನಾನು ಎದ್ದು ಓಡುವಂತಿರಲಿಲ್ಲವಾದ್ದರಿಂದ ಒಳ್ಳೆಯ ಶ್ರೋತೃವಾದೆ. ನಮ್ಮ ಮನೆಯವರು ಪ್ರಸಾದಕ್ಕೆ ಮಾತ್ರ ಬರುತ್ತೇನೆಂದು ಹೊರಗೆ ಕೂತರು.

ಮೊದಲ ಅಧ್ಯಾಯ, ಬೆಳಕು ಬರುವ ಗಾಜಿನ ಕಣ್ಣಿನೊಳಗೆ ಇಣುಕಬಾರದು, ಸೂರ್ಯನನ್ನು ದಿಟ್ಟಿಸಿದ ಹಾಗಾಗುತ್ತದೆ. ಎರಡನೆಯದು, ಯಂತ್ರ ಗಟ್ಟಿ ಜಾಗದಲ್ಲಿ ಕೂಡಬೇಕು, ವಾಯರು ಜನ ಓಡಾಡುವ ದಾರಿಯಲ್ಲಿ ಬಿದ್ದಿರಬಾರದು. ಮೂರನೆಯದನ್ನು ದನಿ ಏರಿಸಿ ಓದಿದ: ಯಂತ್ರದ ಪಕ್ಕೆಯಲ್ಲಿ ಗಾಳಿಯಾಡುವ ಕಿಂಡಿಗಳಿವೆ, ಅವನ್ನು ಯಾವ ಕಾರಣಕ್ಕೂ ಮುಚ್ಚಬಾರದು, ಮುಚ್ಚಿದರೆ ಕಾದು ತಾನೇ ಆರಿಹೋಗುತ್ತದೆ. ಇದನ್ನು ಮೂರು ಸಲ ಓದಿದ. ನನಗೆ ಬಾಯಿಪಾಠ ಆಯಿತು.

ಹೀಗೆ ಏಳು ದಿನ ಪುರಾಣ ನಡೆದು, ಕೂಸು ಹುಟ್ಟಿದ ಹನ್ನೆರಡನೇ ದಿನ ಪರೀಕ್ಷೆ. ಸ್ಟೂಲು ಕುಂಟುತ್ತದೆಂದು ಜೋಳ ತುಂಬಿದ ತಗಡಿನ ಪೀಪಾಯಿ ಉರುಳಿಸಿ ತಂದು ಅದರ ಮೇಲೆ ಯಂತ್ರ ಕೂಡಿಸಿದ. ವಾಯರನ್ನು ಗೋಡೆಯ ಬುಡಕ್ಕೆ ಸರಿಸಿ ಮೇಲೆ ಕಲ್ಲಿಟ್ಟ. ಬೆಳಕು ಬರಬಾರದೆಂದು ಕಿಟಕಿಗೆಲ್ಲ ಕೌದಿ ಕಟ್ಟಿದ. ಗೋಡೆಗೆ ಸುಣ್ಣ ಬಳಿದ. ಗೋಡೆಯ ನಡುವೆ ನಮ್ಮ ಮಾವನವರ ಫೋಟೋ ಇತ್ತು. ಅಪ್ಪಾ, ಒಂದಿನ ಆ ಕಡೆ ಕೂಡು ಅಂತ ಹೇಳಿ ಇಳಿಸಿದ. ಮಗನಿಗೆ ಫೋನು ಹಚ್ಚಿದರೆ ಗೋಡೆಯ ಮೇಲೆ ಮಗ ಬಂದ, ತಲೆ ಕೆಳಗಾಗಿ.

“ಪೀಪಾಯಿ ತಲಿಕೆಳಗ ಹೊಳ್ಳಿಸು ಲೇ,” ಎಂದರು ಮನೆಯವರು ಬಾಗಿಲಲ್ಲಿ ನಿಂತು.

ಮೈದುನ ಐದನೇ ಅಧ್ಯಾಯ ತೆಗೆದ, ಒಂದು ಗುಂಡಿ ಒತ್ತಿದ, ಮಗ ನೆಟ್ಟಗಾದ. ಆದರೆ ಮೊರದ ಹಾಗೆ ಮೇಲೆ ಅಗಲ, ಕೆಳಗೆ ಕಿರಿದು. ಮಗನ ಹಣೆ ಎಮ್ಮೆಯ ಹಣೆಯಂತಿತ್ತು. ಇನ್ನೊಂದು ಗುಂಡಿ ಒತ್ತಿ ಅದನ್ನೂ ಸರಿ ಮಾಡಿದ. ಮಾವನವರ ಫೋಟೋದ ಮೊಳೆ ಮಾತ್ರ ಗೋಡೆಯಲ್ಲೇ ಉಳಿದಿತ್ತು. ಅದು ಸರಿಯಾಗಿ ಮಗನ ಮೂಗಿನ ಮೇಲೆ ಬಂದು ಮೂಗುಬೊಟ್ಟು ಇಟ್ಟಂತೆ ಕಂಡಿತು. ವಾರಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಹದಿಮೂರನೇ ದಿನ ಪುರಾಣದ ಮಂಗಲ. ಮಠದಲ್ಲಾದರೆ ಆವತ್ತು ಶಾಸ್ತ್ರಿಗಳಿಗೆ ಶಾಲು ಹೊದಿಸಿ, ಹಾರ ಹಾಕಿ, ಕಾಯಿ ಕೊಡುತ್ತಾರೆ. ಎಂಟು ದಿನ ಬಾಗಿಲಲ್ಲಿ ನಿಂತು ತಮ್ಮನನ್ನು ಅಣಕಿಸಿದ ನಮ್ಮ ಮನೆಯವರಿಗೆ ಏನನ್ನಿಸಿತೋ, ಅಫಜಲಪುರಕ್ಕೆ ಹೋಗಿ ಉಣ್ಣೆಯ ಶಾಲು, ಚೆಂಡುಹೂವಿನ ಹಾರ ತಂದರು. ನನಗೇ ನಂಬಿಕೆಯಾಗಲಿಲ್ಲ. ತಮ್ಮ ಮಾಡಿದ ಯಾವ ಕೆಲಸಕ್ಕೂ ಈ ಅಣ್ಣ ಇಷ್ಟು ವರ್ಷದಲ್ಲಿ ಒಮ್ಮೆ ಭೇಷ್ ಅಂದದ್ದನ್ನು ನಾನು ಕೇಳಿಲ್ಲ. ಮೈದುನ ಹಿಂದೆ ಸರಿದ.

“ನಂದೇನದ ಅಣ್ಣಾ. ಎಲ್ಲಾ ಅದರದು,” ಎಂದು ಯಂತ್ರ ತೋರಿಸಿದ.

ಸರಿ, ಮನೆಯವರು ಶಾಲನ್ನು ಯಂತ್ರಕ್ಕೇ ಹೊದಿಸಿದರು. ಹೊದಿಸಿದ್ದೂ ಹೇಗೆ? ಚಳಿಗಾಲದ ಕೂಸಿಗೆ ಹೊದಿಸಿದ ಹಾಗೆ, ಸುತ್ತ ಒತ್ತಿ, ಅಂಚು ಅಡಿಗೆ ಸಿಗಿಸಿ. ಮೇಲೊಂದು ಹಾರ. ಗಾಜಿನ ಕಣ್ಣೊಂದು ಬಿಟ್ಟು ಯಂತ್ರ ಕಾಣಿಸಲೇ ಇಲ್ಲ. ಮೂರನೇ ಅಧ್ಯಾಯ ನನಗೇ ನೆನಪಾಯಿತು ಅಂದರೆ ಓದಿದವನಿಗೆ ಆಗದೇ ಇದ್ದೀತೇ? ಮೈದುನನ ಬಾಯಿ ತೆರೆಯಿತು. ಅಣ್ಣನ ಮುಖ ನೋಡಿದ, ಬಾಯಿ ಮುಚ್ಚಿತು. ಐದು ನಿಮಿಷ ಇರಲಿ, ಆಮೇಲೆ ಮೆಲ್ಲಗೆ ತೆಗೆದರಾಯಿತು ಅಂದುಕೊಂಡನಂತೆ. ಅಷ್ಟರಲ್ಲಿ ಕಿಣ್ಣಿ ಸುಲ್ತಾನದಿಂದ ಫೋನು ಬಂತು: ಹೊತ್ತು ಕೂಡಿ ಬಂದಿದೆ, ಕೂಸನ್ನು ತೊಟ್ಟಿಲಿಗೆ ಹಾಕುತ್ತಿದ್ದೇವೆ.

ಗೋಡೆ ಬೆಳಗಿತು. ತೊಟ್ಟಿಲು ಕಂಡಿತು, ಹೂವು ಕಂಡಿತು, ಬೀಗರ ಮನೆಯ ಹೆಂಗಸರು ಬಂದು ನಿಂತರು. ಸೋದರತ್ತೆಯಾದ ನನ್ನ ಮಗಳು ಜೇವರ್ಗಿಯಿಂದ ಹೋಗಿದ್ದಳು. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಅವಳೇ. ಒಬ್ಬೊಬ್ಬರೇ ಆರತಿ ಮಾಡಿದರು. ಕೂಸಿನ ಮುಖ ಇನ್ನೂ ಸೆರಗುಗಳ ಹಿಂದೆಯೇ ಇತ್ತು. ಮಗಳು ತೊಟ್ಟಿಲ ಕಡೆ ಬಗ್ಗಿದಳು. ಪಡಸಾಲೆಯಲ್ಲಿ ಉಣ್ಣೆ ಕಮರಿದ ವಾಸನೆ ಬಂತು. ಗೋಡೆ ಆರಿಹೋಯಿತು.

ವಾರಗಿತ್ತಿ ನೀರಿನ ಕೊಡ ತಂದಳು. ಮನೆಯವರು ಟವೆಲು ಒದ್ದೆ ಮಾಡಿಕೊಂಡು ಬಂದರು. ಮೈದುನ ಎರಡೂ ಕೈ ಅಗಲಿಸಿ ಯಂತ್ರದ ಮುಂದೆ ನಿಂತ, ಯಾರನ್ನೂ ಹತ್ತಿರ ಬಿಡಲಿಲ್ಲ. ಹಾರ ತೆಗೆದ, ಶಾಲು ತೆಗೆದ, ಕೌದಿ ಸರಿಸಿ ಕಿಟಕಿ ತೆರೆದ. ಮನೆಯವರು ಮೊಬೈಲನ್ನೇ ನನ್ನ ಮೂಗಿನ ಹತ್ತಿರ ಹಿಡಿದರು. ಮತ್ತೆ ಅದೇ ಬಿಳಿ ಬಟ್ಟೆ, ಅದೇ ಜೋಳದ ಕಾಳು. ಇರಲಿ, ಹೆಸರು ಇಟ್ಟುಬಿಡಲಿ ಅಂದೆ. ಮೈದುನ ಅಣ್ಣನ ಕೈಯಿಂದ ಮೊಬೈಲು ಇಸಿದುಕೊಂಡ. ಬೀಗರ ಮುಂದೆ ಎಂದೂ ದನಿ ಎತ್ತಿದವನಲ್ಲ ಅವನು, ಈ ಅತ್ತಿಗೆಗಾಗಿ ಅಂದು ಎತ್ತಿದ.

“ಜರಾ ನಿಂದರ್ರಿ. ಮಶೀನ ಕಾದದ, ಅರ್ಧಾ ತಾಸು ಬೇಕು. ಕೂಸಿನ ಮಾರಿ ನಮ್ಮ ವೈನಿ ನೋಡಿಲ್ಲ. ನೋಡೂತನ ಹೆಸರ ಇಡಬ್ಯಾಡ್ರಿ.”

ಆ ಕಡೆ ಗುಸುಗುಸು ಎದ್ದಿತು. ಹೊತ್ತು ಮೀರುತ್ತದೆ ಅಂತ ಹಿರಿಯ ಹೆಂಗಸೊಬ್ಬಳು ಗೊಣಗಿದಳು. ಮಗಳು, ನಾ ಬಾಯಿ ತೆರೆಯೂದಿಲ್ಲ, ಕೂತೀನಿ ನೋಡ್ರಿ ಅಂತ ತೊಟ್ಟಿಲ ಪಕ್ಕ ಕೂತೇಬಿಟ್ಟಳಂತೆ. ಹೆಸರಿಡುವವಳೇ ಬಾಯಿ ಮುಚ್ಚಿದರೆ ಯಾರೇನು ಮಾಡಲಾದೀತು?

ಆ ಅರ್ಧ ತಾಸು ಮನೆಯವರು ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಅದರ ದಾರ ಎಳೆಯುತ್ತ ಕೂತರು. ಮೈದುನ ದೂರದಿಂದ ಬೀಸಣಿಗೆ ಬೀಸುತ್ತ ಗಡಿಯಾರ ನೋಡಿದ. ಇನ್ನು ಬರುತ್ತದೋ ಇಲ್ಲವೋ ಅಂತ ನಾನು ಕೇಳಲಿಲ್ಲ, ಅವನು ತಾನಾಗಿಯೇ ಹೇಳಿದ.

“ಅರ್ಧಾ ತಾಸು ಅಂತ ಬರದಾರ ವೈನಿ. ಬರ್ತದ.”

ಕಿಟಕಿ ಮುಚ್ಚಿ ಗುಂಡಿ ಒತ್ತಿದ. ಮೊದಲು ನೀಲಿ ಬಂತು. ಆಮೇಲೆ ಬೂದಿ ಬಣ್ಣ. ಆಮೇಲೆ, ಏನು ಹೇಳಲಿ, ಗೋಡೆಯ ಈ ಮೂಲೆಯಿಂದ ಆ ಮೂಲೆಯವರೆಗೆ ನನ್ನ ಮೊಮ್ಮಗಳು! ಆರತಿ ಮಾಡುವಾಗ ನಿದ್ದೆಯಲ್ಲಿದ್ದ ಕೂಸು ಈಗ ಹಾಲು ಕುಡಿದು ಎಚ್ಚರಾಗಿ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಕಣ್ಣು ನನ್ನ ರೊಟ್ಟಿ ಹೆಂಚಿನಷ್ಟು. ಹಣೆಯ ಮೇಲೆ ಎಣಿಸಬಹುದಾದ ಕೂದಲು. ಕಿವಿಯ ಹಾಲೆ ಅಂಟಿಕೊಂಡಿದೆ, ನಮ್ಮ ಮಗನಂತೆಯೇ. ಮುಷ್ಟಿ ಬಿಚ್ಚಿ ಮುಚ್ಚಿತು, ಗೋಡೆಯೇ ಕೈ ಬೀಸಿದಂತಾಯಿತು. ಮಗಳು ಕುರ್ರ್ ಅಂದು ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಕಾಯಿಸಿದ ಸಿಟ್ಟೂ ಸೇರಿ ಗುದ್ದು ತುಸು ಜೋರಾಗಿಯೇ ಬಿದ್ದವು. ಮಲ್ಲಮ್ಮ ಅಂತ ಹೆಸರು. ನನ್ನ ಅತ್ತೆಯ ಹೆಸರು. ನಾನು ಅತ್ತೆನೋ ನಕ್ಕೆನೋ ವಾರಗಿತ್ತಿಯನ್ನೇ ಕೇಳಬೇಕು.

ಊಟದ ಹೊತ್ತಾಯಿತು. ಫೋನು ಇಡುವುದು ಬೇಡ ಅಂದ ಮಗ. ಅಲ್ಲಿ ತೊಟ್ಟಿಲ ಸುತ್ತ ಎಲೆ ಹಾಕಿ ಸಾಲಾಗಿ ಕೂತರು, ಇಲ್ಲಿ ನನ್ನ ಮಂಚದ ಪಕ್ಕ ತಾಟು ಬಂದವು. ಅವರದು ಹುಗ್ಗಿ, ನಮ್ಮದು ಹೋಳಿಗೆ. ಗೋಡೆಯೊಳಗಿಂದ ಬೀಗರು ನಮಗೆ ಇನ್ನೂ ಹಾಕಿಸಿಕೊಳ್ಳಿರೆಂದು ಒತ್ತಾಯ ಮಾಡಿದರು. ಮಗ, ಸೊಸೆ, ಮಗಳು, ಮಡಿಲಲ್ಲಿ ಕೂಸು, ಎಲ್ಲರೂ ನಿಜವಾದ ಮನುಷ್ಯರಷ್ಟೇ ದೊಡ್ಡವರಾಗಿ ನಮ್ಮೆದುರಿಗೇ ಕೂತಿದ್ದರು.

ಆಗ ಸೊಸೆ ಕೇಳಿದಳು, “ಕಾಕಾ ಎಲ್ಲಿ?”

ತಿರುಗಿ ನೋಡಿದೆ. ಮೈದುನ ಪೀಪಾಯಿಯ ಪಕ್ಕ, ಗೋಡೆಗೆ ಬೆನ್ನು ಹಾಕಿ ಕೂತಿದ್ದ. ಅಂಗೈಯನ್ನು ಬಿಸಿ ಗಾಳಿ ಬರುವ ಕಿಂಡಿಯಿಂದ ತುಸು ದೂರ ಹಿಡಿದಿದ್ದ, ಜ್ವರ ನೋಡುವವರ ಹಾಗೆ. ಗೋಡೆ ಬೆಳಗಿದಾಗಿನಿಂದ ಅಲ್ಲಿಂದ ಕದಲಿರಲಿಲ್ಲ. ಹೆಸರಿಡುವಾಗಲೂ ಈ ಕಡೆ ತಿರುಗಿರಲಿಲ್ಲ. ಹದಿಮೂರು ದಿನದಲ್ಲಿ ಕೂಸಿನ ಮುಖ ಕಣ್ತುಂಬ ನೋಡದೆ ಉಳಿದವನು ಈ ಮನೆಯಲ್ಲಿ ಅವನೊಬ್ಬನೇ. ಮಕ್ಕಳಿಲ್ಲದ ಅವನ ಹೆಗಲ ಮೇಲೆಯೇ ನನ್ನ ಇಬ್ಬರೂ ಮಕ್ಕಳು ಬೆಳೆದವರು.

ಮನೆಯವರು ತಾಟು ಕೆಳಗಿಟ್ಟು ಎದ್ದರು.

“ಕೈ ಎಷ್ಟು ದೂರ ಹಿಡೀಬೇಕು ತೋರಸು,” ಎಂದರು. “ನೀ ಹೋಗಿ ಕೂಸಿನ ಮುಂದ ಕೂಡು.”

ಮೈದುನ ತೋರಿಸಿದ. ಎರಡು ಸಲ ತೋರಿಸಿದ. ಆಮೇಲೆ ಬಂದು ಹೆಂಡತಿಯ ಪಕ್ಕ ಕೂತು ಗೋಡೆ ನೋಡಿದ. ಬಹಳ ಹೊತ್ತು ನೋಡಿದ. ವಾರಗಿತ್ತಿ ಅವನ ತಾಟಿಗೆ ಹೋಳಿಗೆ ಹಾಕಿ, ತುಪ್ಪ ಬಿಟ್ಟು, ತಾನೇ ಒಂದು ತುತ್ತು ಮುರಿದು ಅವನ ಕೈಗಿಟ್ಟಳು. ಮನೆಯವರು ಎಡಗೈಯನ್ನು ಕಿಂಡಿಯ ಹತ್ತಿರ ಹಿಡಿದು, ಬಲಗೈಯಲ್ಲಿ ಹೋಳಿಗೆ ತಿನ್ನುತ್ತ ಕೂತರು. ಕರಜಗಿಯವರೂ ಕಿಣ್ಣಿ ಸುಲ್ತಾನದವರೂ ಕೂಡಿ ಊಟ ಮಾಡಿದೆವು.