ಸುಗಂಧಿಯ ನಾಲ್ಕನೇ ಸರ್ಟಿಫಿಕೇಟು

ಏನೂ ತಿಳಿಯದವರ ಹತ್ತಿರ ಸಲಹೆ ಕೇಳುವುದರಲ್ಲಿ ಒಂದು ಅನುಕೂಲವಿದೆ ಮಕ್ಕಳೇ, ಅವರು ಎದುರು ಪ್ರಶ್ನೆ ಹಾಕುವುದಿಲ್ಲ. ಅದಕ್ಕೇ ಇರಬೇಕು, ನಿಮ್ಮ ಅಮ್ಮ ಸುಗಂಧಿ ಕಳೆದ ಸೋಮವಾರ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿಟ್ಟು ಅಡುಗೆಮನೆಗೆ ಬಂದಳು. ಹಳ್ಳಿ ಶಾಲೆಯಲ್ಲಿ ಐದನೇ ತರಗತಿಗೇ ನಿಂತುಹೋದ ನನ್ನ ಮುಂದೆ ಕೂತು, "ಅತ್ತೆ, ಮುಂದೆ ಯಾವ ಪರೀಕ್ಷೆಗೆ ಕಟ್ಲಿ? ಕ್ಲೌಡಾ, ಸೆಕ್ಯೂರಿಟಿಯಾ? ಶುಕ್ರವಾರದೊಳಗೆ ಮ್ಯಾನೇಜರ್‌ಗೆ ಸೊಲ್ಲಬೇಕು" ಅಂದಳು.

ಅವಳ ಕೆಲಸ ನಿಮಗೆ ಗೊತ್ತೇ ಇದೆ. ಗೂಡಲೂರಿನ ನಮ್ಮ ಮನೆಯ ಒಳಕೋಣೆಯಲ್ಲಿ ಕೂತು, ಮಧುರೆಯ ಒಂದು ಕಂಪನಿಯ ಪರವಾಗಿ, ಯಾರ್ಯಾರದೋ ಕೆಟ್ಟ ಕಂಪ್ಯೂಟರನ್ನು ಫೋನಿನಲ್ಲೇ ಸರಿಮಾಡುತ್ತಾಳೆ. ಆರು ವರ್ಷವಾಯಿತು. ಕುರ್ಚಿ ಎರಡು ಸಲ ಬದಲಾಗಿದೆ, ಹುದ್ದೆ ಬದಲಾಗಿಲ್ಲ. ಮೇಲಿನ ಹುದ್ದೆಗೆ ಏರಲೆಂದೇ ಮೂರು ಸರ್ಟಿಫಿಕೇಟು ತೆಗೆದುಕೊಂಡಳು. ಫ್ರೇಮು ಹಾಕಿಸೋಣವೆಂದರೆ, "ಬ್ಯಾಡ ಅತ್ತೆ, ಮೂರು ವರ್ಷಕ್ಕೆ ಅವಧಿ ಮುಗೀತದೆ" ಅಂದಳು. ನನಗೆ ದಿಗಿಲಾಯಿತು. ನನ್ನ ಐದನೇ ತರಗತಿ ಹಳಸಿಹೋಗಿದೆ ಎಂದು ಇದುವರೆಗೆ ಯಾರೂ ಬಂದು ಹೇಳಿಲ್ಲ.

ಕ್ಲೌಡ್ ಎಂದರೆ ನಮ್ಮ ಸಾಮಾನನ್ನು ಬಾಡಿಗೆ ಕೊಟ್ಟು ಬೇರೆಯವರ ಮನೆಯಲ್ಲಿ ಇಡುವುದಂತೆ. ಸೆಕ್ಯೂರಿಟಿ ಎಂದರೆ ಬೀಗ ಹಾಕುವುದಂತೆ. ಸಾಮಾನನ್ನೇ ಕಂಡವರ ಮನೆಯಲ್ಲಿಟ್ಟ ಮೇಲೆ ಇಲ್ಲಿ ಬೀಗ ಯಾತಕ್ಕೆ ಎಂಬುದು ನನಗೆ ಬಗೆಹರಿಯಲಿಲ್ಲ. ಕೇಳಲು ನಾಚಿಕೆಯಾಗಿ ತಲೆಯಾಡಿಸಿದೆ.

ಅಷ್ಟರಲ್ಲಿ ನಿಮ್ಮ ಚಿಕ್ಕಜ್ಜ ರಂಗಸಾಮಿ ಬಂದರು. ತಕ್ಕಾಳಿ, ಅಂದರೆ ಟೊಮೇಟೊ ಬೆಳೆದು ಒಡ್ಡನ್‌ಛತ್ರಂ ಮಾರ್ಕೆಟ್ಟಿಗೆ ಹಾಕುವವರು, ಲೋಕದ ಸಕಲ ವಿಷಯವನ್ನೂ ಆ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತೇ ನೋಡುವವರು.

"ಊರೆಲ್ಲಾ ಏನು ಓದ್ತದೆ, ಮೊದ್ಲು ಅದ ಸೊಲ್ಲಮ್ಮ."

"ಕ್ಲೌಡು, ಮಾವ."

"ಹಂಗಾರೆ ಬ್ಯಾಡ. ಎಲ್ಲಾರೂ ತಕ್ಕಾಳಿ ಹಾಕಿದ್ರೆ ರೋಡ್ನಾಗೆ ಸುರಿದು ಬರಬೇಕಾಯ್ತದೆ. ಯಾರೂ ಹಾಕದ್ದ ಹಾಕು."

"ಹ್ವಾದ ಸಲ ನೀವು ಸೊಲ್ಲಿದಂಗೇ ಯಾರೂ ಓದದ್ದ ಓದಿದೆ ಮಾವ. ಆ ಸಾಫ್ಟ್‌ವೇರನ್ನೇ ನಿಲ್ಲಿಸ್ಬುಟ್ರು."

"ಅದ್ಕೂ ನನ್ನೇ ಬೈರಿ!" ಎಂದು ಕಾಫಿ ಮುಗಿಸಿ ಹೊರಟರು.

ಬುಧವಾರ ಮೇಲಿನ ಹುದ್ದೆಗೆ ಸಂದರ್ಶನ ಇತ್ತು, ಅದೂ ಲ್ಯಾಪ್‌ಟಾಪಿನಲ್ಲೇ. ನಾನು ಬಾಗಿಲ ಹೊರಗೆ ಅವರೆಕಾಯಿ ಸುಲಿಯುತ್ತಿದ್ದೆ. ಮ್ಯಾನೇಜರು ತಮಿಳಿನಲ್ಲಿ ಕೇಳಿದ್ದು ನನಗೂ ತಿಳಿಯಿತು. ಆಸ್ಪತ್ರೆಯೊಂದರ ಕಂಪ್ಯೂಟರುಗಳೆಲ್ಲ ನಿಂತುಹೋದಾಗ ಸರಿಮಾಡಿದ್ದು ಯಾರು ಎಂದರು. ಎರಡು ದಿನ ಅವಳು ಕುರ್ಚಿ ಬಿಟ್ಟು ಏಳದೆ ಆ ಕೆಲಸ ಮಾಡಿದ್ದಳು, ಅನ್ನ ಕಲಸಿ ಕೈಗೆ ಕೊಟ್ಟವಳು ನಾನು. ನಿಮ್ಮ ಅಮ್ಮ ಹೇಳಿದಳು: "ಎಲ್ಲರೂ ಸೇರಿ, ಸಾರ್." ಈ ಹುದ್ದೆ ನಿಮಗೇ ಯಾಕೆ ಕೊಡಬೇಕು ಎಂದು ಕೇಳಿದರು. ಎಷ್ಟು ಹೊತ್ತು ಸದ್ದಿಲ್ಲವೆಂದರೆ, ನೆಟ್ ಹೋಯಿತೆಂದು ನಾನೇ ಎದ್ದು ನೋಡಿದೆ. ನೆಟ್ ಇತ್ತು.

ಗುರುವಾರ ಆ ಹುದ್ದೆ ಭಾರತಿಗೆ ಹೋಯಿತು. ಭಾರತಿಗೆ ಕೆಲಸ ಕಲಿಸಿದವಳು ನಿಮ್ಮ ಅಮ್ಮ. ಭಾರತಿಯ ಹತ್ತಿರ ಇರುವುದು ಒಂದೇ ಸರ್ಟಿಫಿಕೇಟು. "ನಂಗೆ ಇನ್ನೊಂದು ಇದ್ದಿದ್ರೆ ಸಿಕ್ತಿತ್ತು ಅತ್ತೆ," ಎಂದು ನಿಮ್ಮ ಅಮ್ಮ ಕಣ್ಣೊರೆಸಿಕೊಂಡಳು.

ಮದುವೆಯಾಗಿ ಬಂದಾಗ ಈ ಹುಡುಗಿ ಬೀದಿಗೆ ಕೇಳುವಂತೆ ನಗುತ್ತಿದ್ದಳು. "ಮೆಲ್ಲಗಮ್ಮ, ಮಾವ ಇದ್ದಾರೆ" ಎಂದು ದಿನಕ್ಕೆ ಹತ್ತು ಸಲ ಹೇಳಿದವಳು ನಾನು. ಸೊಸೆಯ ದನಿಯೇ ಕೇಳುವುದಿಲ್ಲ ಎಂದು ಊರವರು ಹೊಗಳಿದಾಗ ಬೀಗಿದವಳೂ ನಾನೇ. ಆಮೇಲೆ ಆ ಮಾವ, ನಿಮ್ಮ ಅಜ್ಜ, ತೀರಿಕೊಂಡರು, ಆದರೆ ಅವಳ ದನಿ ಮಾತ್ರ ಮರಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಮತ್ತೆ ಬಂದಳು. "ಯಾವ್ದು ಅತ್ತೆ?" ಪರೀಕ್ಷೆ ಯಾವುದೂ ಬೇಡ ತಾಯಿ, ‘ಆ ಕೆಲಸ ನಾನೇ ಮಾಡಿದೆ’ ಎಂದು ಬಾಯಿಬಿಟ್ಟು ಹೇಳುವುದನ್ನು ಕಲಿ ಎನ್ನಬೇಕಿತ್ತು. ಆದರೆ ನನ್ನ ಬಾಯಿಂದ ಹೊರಟದ್ದು, "ಎರಡೂ ಒಳ್ಳೇದೇ ಅಮ್ಮ, ನಿನ್ನಿಷ್ಟ."

ಸೆಕ್ಯೂರಿಟಿ ಎಂದು ಬರೆದು ಕಳಿಸಿದಳು. ಈಗ ಓದುತ್ತಿದ್ದಾಳೆ. ಪಾಸೂ ಆಗುತ್ತಾಳೆ, ಆಮೇಲೆ ಐದನೆಯದಕ್ಕೂ ಕಟ್ಟುತ್ತಾಳೆ. ನಾನು ಹೇಳಬೇಕಾಗಿದ್ದ ಮಾತನ್ನು ನೀವಾದರೂ ಅವಳಿಗೆ ಹೇಳಿ ಮಕ್ಕಳೇ. ಯಾರು ಹೇಳಿಕೊಟ್ಟರು ಎಂದು ಕೇಳಿದರೆ ಮಾತ್ರ ದಯವಿಟ್ಟು ನನ್ನ ಹೆಸರು ಎತ್ತಬೇಡಿ.