ಗ್ಯಾರೇಜಿಗಾಗಿ ಕಾಲು ಮೈಲಿ

ಗಂಡಸಿಗೆ ಮನೆಯಲ್ಲಿ ತನ್ನದು ಅಂತ ಒಂದು ಜಾಗ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಹೆಂಡತಿ ವರ್ನಾಳ ಅಭಿಪ್ರಾಯವೂ ಅದೇ. ಆದರೆ ಆ ಜಾಗ ಸೋಫಾದ ಎಡತುದಿ ಎಂದು ಅವಳ ವಾದ, ಗ್ಯಾರೇಜು ಎಂದು ನನ್ನ ವಾದ. ನಮ್ಮ ನೆಬ್ರಾಸ್ಕಾದಲ್ಲಿ ಚಳಿಗಾಲದ ರಾತ್ರಿ ಹೊರಗೆ ನಿಂತ ಕಾರು ಬೆಳಗಾಗುವಷ್ಟರಲ್ಲಿ ಹಿಮದ ಗುಡ್ಡೆಯಾಗಿರುತ್ತದೆ. ನಮ್ಮ ಗ್ಯಾರೇಜಿನಲ್ಲಿ ಹಿಡಿಸುವುದು ಒಂದೇ ಕಾರು. ನಾಲ್ಕು ಚಳಿಗಾಲದಿಂದ ಅದರೊಳಗೆ ಬೆಚ್ಚಗಿದ್ದದ್ದು ನನ್ನ ಮೂವತ್ನಾಲ್ಕನೇ ಇಸವಿಯ ಫೋರ್ಡು. ಹೊರಗೆ ಹಿಮ ಹೊದ್ದು ನಿಂತದ್ದು ವರ್ನಾಳ ಸ್ಟೇಷನ್ ವ್ಯಾಗನ್. ಇದರಲ್ಲಿ ಅನ್ಯಾಯ ಏನಿತ್ತು ಎಂದು ನನಗೆ ಈಗಲೂ ಹೊಳೆದಿಲ್ಲ.

ಫೋರ್ಡು ಎಂದೆನಲ್ಲ, ತಂದ ದಿನ ಅದನ್ನು ಕಾರು ಎಂದು ಕರೆಯುವುದಕ್ಕೆ ಧೈರ್ಯ ಬೇಕಾಗಿತ್ತು. ಒಬ್ಬರ ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಮೈ, ಒಳಗೆ ಕೋಳಿಗಳ ಸಂಸಾರ. ಕೋಳಿಗಳನ್ನು ಒಕ್ಕಲೆಬ್ಬಿಸಿ, ಅದಕ್ಕೆ ದೊಡ್ಡ ಇಂಜಿನ್ ಕೂರಿಸಿ, ಕಾಲು ಮೈಲಿಯ ನೇರ ದಾರಿಯಲ್ಲಿ ಇನ್ನೊಂದು ಗಾಡಿಯ ಪಕ್ಕ ನಿಲ್ಲಿಸಿ ಓಡಿಸಿ ಗೆಲ್ಲಬೇಕು ಎಂಬುದು ನನ್ನ ಮಹಾಸಂಕಲ್ಪ. ಇಂಜಿನ್ ಹುಡುಕಿಕೊಟ್ಟವನು ಪಕ್ಕದ ಮನೆಯ ಡ್ವೇನ್.

"ಆರ್ಲೊ," ಎಂದಳು ವರ್ನಾ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಹೆಣದ ಗಾಡಿಯ ಇಂಜಿನ್ ತಂದು ನನ್ನ ಮನೇಲಿ ಇಟ್ಟಿದ್ದೀಯಾ?"

"ಸ್ವಲ್ಪ ಯೋಚನೆ ಮಾಡು ವರ್ನಾ. ಅದು ಹುಟ್ಟಿದಾಗಿನಿಂದ ಗಂಟೆಗೆ ಇಪ್ಪತ್ತು ಮೈಲಿ ದಾಟಿಲ್ಲ. ಹೊಸದರ ಹಾಗಿದೆ."

"ಅದರಲ್ಲಿ ಹೋದವರು ಯಾರಿಗೂ ಅವಸರ ಇರಲಿಲ್ಲ, ಅದಕ್ಕೆ. ನೀನು ಹತ್ತಿ ಕೂತರೆ ಹಳೇ ಅಭ್ಯಾಸ ನೆನಪಾಗಿ ನೆಟ್ಟಗೆ ಸ್ಮಶಾನಕ್ಕೆ ಕರ್ಕೊಂಡು ಹೋಗುತ್ತೆ, ನೋಡ್ತಿರು."

ಮಹತ್ಕಾರ್ಯಗಳಿಗೆ ಮನೆಯಿಂದಲೇ ಮೊದಲ ವಿರೋಧ ಬರುತ್ತದೆ ಎಂದುಕೊಂಡು ನಾನು ಕೆಲಸಕ್ಕೆ ಇಳಿದೆ. ಕಾರ್ಬ್ಯುರೇಟರನ್ನು ಅವಳ ಸೂಪಿನ ಪಾತ್ರೆಯಲ್ಲಿ ಕುದಿಸಿದೆ. ಇಂಜಿನ್ನಿನ ಮೇಲ್ಮುಚ್ಚಳಕ್ಕೆ ಕೆಂಪು ಬಣ್ಣ ಬಳಿದು ಅವಳ ಓವನ್ನಿನಲ್ಲಿ ಬೇಯಿಸಿದೆ. (ಬಣ್ಣ ಗಟ್ಟಿಯಾಗಬೇಕಾದರೆ ಅದೊಂದೇ ದಾರಿ, ಯಾರನ್ನಾದರೂ ಕೇಳಿ.) ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ಊಟದ ಟರ್ಕಿ ಕೋಳಿಗೆ ಎನಾಮೆಲ್ ವಾಸನೆ ಬಂತು ಎಂದು ವರ್ನಾ ಇಂದಿಗೂ ದೂರುತ್ತಾಳೆ. ಅವಳ ತಾಯಿ ಎರಡನೇ ಸಲ ಹಾಕಿಸಿಕೊಂಡರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಆಮೇಲೆ ತೂಕ ಇಳಿಸುವ ಕೆಲಸ. ಓಟದ ಕಾರಿನಲ್ಲಿ ಒಂದು ಚಮಚದ ತೂಕವೂ ಹೆಚ್ಚಿಗೆ ಇರಬಾರದು. ಬಾಗಿಲು, ಪೆಡಲು, ಸೀಟಿನ ಕಾಲು, ಸಿಕ್ಕಿದ್ದಕ್ಕೆಲ್ಲ ಡ್ರಿಲ್ ಹಿಡಿದು ತೂತು ಹಾಕಿದೆ.

"ಅಷ್ಟು ಚಿಂತೆ ಇದ್ದರೆ ನಿನ್ನ ಹೊಟ್ಟೆಗೂ ಎರಡು ತೂತು ಹಾಕ್ಕೊ," ಎಂದಳು ವರ್ನಾ. "ಒಂದೇ ಸಲಕ್ಕೆ ಕೆಲಸ ಮುಗಿಯುತ್ತೆ."

ಹೋದ ಸೆಪ್ಟೆಂಬರಿನಲ್ಲಿ ಕಾರು ತಯಾರಾಯಿತು. ಅದು ಮೊದಲ ಸಲ ಗುಡುಗಿದಾಗ ಡ್ವೇನನ ನಾಯಿ ಮಂಚದಡಿ ಸೇರಿತು, ನನ್ನ ಕಣ್ಣಲ್ಲಿ ನೀರು ಬಂತು. ಅದೇ ಸಂಜೆ ಊಟದ ಮೇಜಿನಲ್ಲಿ ವರ್ನಾ ಯುದ್ಧ ಸಾರಿದಳು.

"ಕಾರು ಮುಗಿಯಿತಲ್ಲ. ಈ ಚಳಿಗಾಲ ನನ್ನ ವ್ಯಾಗನ್ ಒಳಗೆ, ನಿನ್ನದು ಹೊರಗೆ."

"ಹೊರಗೆ? ಅದರ ಮೈ ಪೂರ್ತಿ ತೂತು, ವರ್ನಾ. ಹಿಮ ಎಲ್ಲಾ ಒಳಗೆ ಇಳಿಯುತ್ತೆ."

"ತೂತು ಹಾಕಿದವರು ಯಾರು?"

ಇಂಥ ಕುಹಕಕ್ಕೆ ವೀರರು ಉತ್ತರ ಕೊಡುವುದಿಲ್ಲ, ಸವಾಲು ಹಾಕುತ್ತಾರೆ. ನಾನೂ ಎದೆಯುಬ್ಬಿಸಿ, ಭಾನುವಾರ ಊರಲ್ಲಿ ನಡೆಯುವ ಕಾರಿನ ಓಟದಲ್ಲಿ ನನ್ನನ್ನು ಸೋಲಿಸಿದವರಿಗೆ ಗ್ಯಾರೇಜು ಬಿಟ್ಟುಕೊಡುತ್ತೇನೆ ಎಂದು ಘೋಷಿಸಿಬಿಟ್ಟೆ.

"ಯಾರು ಬೇಕಾದರೂ ಓಡಿಸಬಹುದಾ?"

"ಚಕ್ರ ಇರೋದು ಏನಿದ್ದರೂ ಸರಿ. ನಿನ್ನ ವ್ಯಾಗನ್ನೂ ಆಗುತ್ತೆ," ಎಂದು ನಕ್ಕೆ. ಆಮೇಲೆ, ಪಾಪ ಅವಳಿಗೆ ತಿಳಿಯಲಿ ಎಂದು, ಉಪ್ಪಿನ ಡಬ್ಬಿಯನ್ನೂ ಮೆಣಸಿನ ಡಬ್ಬಿಯನ್ನೂ ಮೇಜಿನ ಮೇಲೆ ಓಡಿಸುತ್ತ ನಿಯಮ ವಿವರಿಸಿದೆ. ತನ್ನ ಕಾರು ಕಾಲು ಮೈಲಿಯನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತದೆ ಎಂದು ಪ್ರತಿಯೊಬ್ಬನೂ ಗಾಜಿನ ಮೇಲೆ ಬರೆಯಬೇಕು. ನಿಧಾನದ ಕಾರಿಗೆ ಆ ವ್ಯತ್ಯಾಸದಷ್ಟು ಮೊದಲೇ ಹಸಿರು ದೀಪ ಹತ್ತುತ್ತದೆ. ಗೆರೆಯನ್ನು ಮೊದಲು ದಾಟಿದವನು ಗೆದ್ದ. ಆದರೆ ತಾನು ಬರೆದದ್ದಕ್ಕಿಂತ ಬೇಗ ಓಡಿದರೆ ಸುಳ್ಳು ಬರೆದ ಹಾಗೆ, ಮೊದಲು ಬಂದರೂ ಸೋತ.

"ನನ್ನದು ನಿಜಕ್ಕೂ ಹನ್ನೆರಡೂವರೆಯಲ್ಲಿ ಮುಗಿಸುತ್ತೆ," ಎಂದು ದನಿ ತಗ್ಗಿಸಿದೆ. "ಗಾಜಿನ ಮೇಲೆ ಹದಿಮೂರು ಅಂತ ಬರೀತೀನಿ. ಅರ್ಧ ಸೆಕೆಂಡು ನನ್ನ ಜೇಬಲ್ಲಿ. ಎದುರಾಳಿಯನ್ನ ಆರಾಮಾಗಿ ಹಿಡಿದು, ಕೊನೇಲಿ ಬ್ರೇಕು ಒತ್ತಿ, ಒಂದು ಮೂಗಿನಷ್ಟು ಮುಂದೆ ಹೋಗಿ ಗೆಲ್ತೀನಿ."

"ಬ್ರೇಕು ಒತ್ತೋದು ಮರೆತರೆ?"

"ಮಾರಾಯ್ತಿ, ನೀನು ಮಾತಾಡ್ತಿರೋದು ಯಾರ ಹತ್ತಿರ?"

ವರ್ನಾ ನನ್ನ ತಟ್ಟೆಗೆ ಇನ್ನೊಂದು ಎಲೆಕೋಸಿನ ಬನ್ನು ಹಾಕಿದಳು. ನಾನು ಅದನ್ನು ಪ್ರೀತಿ ಎಂದುಕೊಂಡೆ.

ಭಾನುವಾರ ಊರಾಚೆ, ಹಿಂದೆ ವಿಮಾನ ಇಳಿಯುತ್ತಿದ್ದ ಹಳೇ ಪಟ್ಟಿಯ ಮೇಲೆ ಜನವೋ ಜನ. ಚರ್ಚಿನವರೂ ಪೂಜೆ ಮುಗಿಸಿ ನೇರ ಇಲ್ಲಿಗೇ ಬಂದಿದ್ದರು. ವರ್ನಾ ಬೆಳಗಿನ ಅಭ್ಯಾಸದ ಓಟದಲ್ಲಿ ಮೂರು ಸಲ ಓಡಿಸಿ, ಗಾಜಿನ ಮೇಲೆ ಪ್ರಾಮಾಣಿಕವಾಗಿ ಇಪ್ಪತ್ತು ಎಂದು ಬರೆದಳು. ನಾನು ಹೇಳಿದ್ದ ಹಾಗೆ ಹದಿಮೂರು ಬರೆದೆ. ಇಲ್ಲಿ ಸಾಲಿನಲ್ಲಿ ಪಕ್ಕಕ್ಕೆ ಬಂದು ನಿಂತವರೇ ಎದುರಾಳಿ. ನಾನು ಹೆಲ್ಮೆಟ್ಟು ಬಿಗಿದು ತಿರುಗಿ ನೋಡಿದರೆ ಪಕ್ಕದಲ್ಲಿ ವ್ಯಾಗನ್. ಅದರ ಹಿಂದಿನ ಸೀಟಿನಲ್ಲಿ ಚರ್ಚಿನ ಗಾಯಕರ ತಂಡದ ಹಾಡಿನ ಪುಸ್ತಕಗಳು, ಛತ್ರಿ, ಊಟದ ಬುಟ್ಟಿ ಎಲ್ಲಾ ಹಾಗೇ ಇದ್ದವು. ತೂಕದ ಬಗ್ಗೆ ಇಷ್ಟು ಅಸಡ್ಡೆ ನಾನು ಎಲ್ಲೂ ಕಂಡಿಲ್ಲ.

ಅವಳಿಗೆ ಹಸಿರು ಹತ್ತಿತು. ವ್ಯಾಗನ್ ಮಾರುಕಟ್ಟೆಗೆ ಹೊರಟ ಹಾಗೆ ಹೊರಟಿತು. ನಾನು ಏಳು ಸೆಕೆಂಡು ಕಾಯಬೇಕು. ಹೆಂಡತಿ ಕಣ್ಣೆದುರು ಚಿಕ್ಕವಳಾಗುತ್ತ ಹೋಗುವುದನ್ನು ನೋಡುತ್ತ, ಊರವರೆಲ್ಲ ನನ್ನನ್ನು ನೋಡುತ್ತಿರಲು, ಸುಮ್ಮನೆ ಕೂತಿರುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ನನಗೂ ಹಸಿರು ಬಂತು. ಪೆಡಲು ತುಳಿದೆ. ಕಾರಿನ ಮೂತಿ ಆಕಾಶ ನೋಡಿತು, ಬೆನ್ನು ಸೀಟಿಗೆ ಅಂಟಿತು. ಸತ್ತವರನ್ನಷ್ಟೇ ಹೊತ್ತು ಬೇಸತ್ತಿದ್ದ ಆ ಇಂಜಿನ್ನಿಗೆ ಅಂದು ಜೀವ ಬಂದಿತ್ತು.

ಲೆಕ್ಕದ ಪ್ರಕಾರ ನಾನು ಅವಳನ್ನು ಹಿಡಿಯಬೇಕಾಗಿದ್ದದ್ದು ಗೆರೆಯ ಹತ್ತಿರ. ಆದರೆ ವ್ಯಾಗನ್ ಅದಕ್ಕೂ ಮೊದಲೇ ಸಿಕ್ಕಿತು. ನಾನು ಪಕ್ಕಕ್ಕೆ ಬಂದಾಗ ವರ್ನಾ ಕಿಟಕಿಯಿಂದ ನನ್ನತ್ತ ನೋಡಿ ಕೈ ಬೀಸಿದಳು. ನಕ್ಕಳು ಕೂಡ. ಪಟ್ಟಿಯ ಅಂಚಿನಲ್ಲಿ ಡ್ವೇನ್ "ಬ್ರೇಕು, ಬ್ರೇಕು" ಎಂದು ಎರಡೂ ಕೈ ಆಡಿಸುತ್ತಿದ್ದದ್ದು ಕಂಡಿತು. ಆದರೆ ನೀವೇ ಹೇಳಿ, ಮೂವತ್ತೊಂದು ವರ್ಷದ ಸಂಸಾರದಲ್ಲಿ ಮೊದಲ ಸಲ ಹೆಂಡತಿಯನ್ನು ಹಿಂದೆ ಹಾಕಿದ ಗಂಡಸಿನ ಕಾಲು ಮೇಲೇಳುತ್ತದೆಯೇ? ನನ್ನದು ಇನ್ನೂ ಕೆಳಗಿಳಿಯಿತು. ಮುಷ್ಟಿ ಬಿಗಿದು ಮೇಲೆತ್ತಿ ಗೆರೆ ದಾಟಿದೆ.

ಗೆದ್ದವರ ದೀಪ ಹತ್ತಿದ್ದು ಅವಳ ಕಡೆ.

ಪಟ್ಟಿಯ ಕೊನೆಯಲ್ಲಿ ತಿರುಗಿ ಬರುವಾಗ ಓಟದವರು ಕೊಟ್ಟ ಸಮಯದ ಚೀಟಿ ನೋಡಿದರೆ, ಹನ್ನೆರಡು ಸೆಕೆಂಡು ಮತ್ತು ಒಂದು ಚೂರು. ನನ್ನ ಕಾರು ಅಷ್ಟು ಬೇಗ ಎಂದೂ ಓಡಿರಲಿಲ್ಲ. ವ್ಯಾಗನ್ ತೇಲುತ್ತ ಬಂದು ಪಕ್ಕದಲ್ಲಿ ನಿಂತಿತು.

"ನೀನು ಬ್ರೇಕು ಒತ್ತಿದೆ," ಎಂದೆ.

"ಹೂಂ. ನಿನಗೆ ದಾರಿ ಬಿಟ್ಟೆ."

"ಸೋಲೋಕೆ ನೋಡಿದ್ದಾ?"

"ಮುಂದೆ ಹೋಗೋಕೆ ಬಿಟ್ಟರೆ ನೀನು ನಿಲ್ಲಲ್ಲ ಅಂತ ಗೊತ್ತಿತ್ತು, ಆರ್ಲೊ. ಮದುವೆ ದಿನ ಚರ್ಚಲ್ಲೂ ನನ್ನನ್ನ ಬಿಟ್ಟು ಮುಂದೆ ನಡೆದೆ." ನನ್ನ ಚೀಟಿ ತೆಗೆದುಕೊಂಡು ಓದಿದಳು. "ಪರವಾಗಿಲ್ಲ, ಚೆನ್ನಾಗಿ ಓಡಿಸಿದ್ದೀನಿ ನಿನ್ನ."

ಈಗ ಫೋರ್ಡು ಸೇಬಿನ ಮರದ ಕೆಳಗೆ ಟಾರ್ಪಾಲು ಹೊದ್ದಿದೆ. ಇರಲಿ, ದಾಖಲೆ ದಾಖಲೆಯೇ. ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಅದರಲ್ಲಿ ಎರಡೂ ಕಾರುಗಳ ಲೆಕ್ಕ ಅಕ್ಕಪಕ್ಕ ಅಚ್ಚಾಗಿರುತ್ತದೆ, ಯಾರು ಗೆದ್ದರು ಎಂಬುದೂ ಸೇರಿ. ಅದಕ್ಕೇ ಬಂದವರಿಗೆ ನನ್ನ ಅರ್ಧ ಮಾತ್ರ ಕಾಣುವ ಹಾಗೆ ಮಡಚಿದ್ದೆ. ಕಾಫಿಗೆ ಹಾಲು ತೆಗೆಯಲು ಈಗ ಹೋದೆ. ನೋಡಿದರೆ ಯಾರೋ ಚೀಟಿಯ ಮಡಿಕೆ ಬಿಚ್ಚಿ, ಇಸ್ತ್ರಿ ಮಾಡಿ, ನಾಲ್ಕೂ ಮೂಲೆಗೆ ಟೇಪು ಹಚ್ಚಿದ್ದಾರೆ.